ಮಂದಿ ಕೂಡಿಸಿ ಅಳೆದ ಗಾಡಿ

ಮೊನ್ನೆ ನಿಪ್ಪಾಣಿಯ ಹೆದ್ದಾರಿ ಬದಿಯ ಅಂಗಡಿಯೊಂದಕ್ಕೆ ಕಾರಿನ ಚಕ್ರಗಳ ಅಲೈನ್‌ಮೆಂಟ್ ಮಾಡಿಸಲು ಹೋಗಿದ್ದೆ. ಒಳಗೆಲ್ಲ ಕಂಪ್ಯೂಟರು, ಪರದೆ, ಚಕ್ರಕ್ಕೆ ಸಿಕ್ಕಿಸುವ ಕನ್ನಡಿಗಳು. ಆದರೆ ಮೂಲೆಯಲ್ಲಿ ಒಬ್ಬಾತ ತಗಡಿನ ಡಬ್ಬಿಯಲ್ಲಿ ಸೀಮೆಎಣ್ಣೆ ಹಾಕಿಕೊಂಡು ಬೇರಿಂಗ್ ತೊಳೆಯುತ್ತಿದ್ದ. ಹಳೆಯ ಗ್ರೀಸು ಸೀಮೆಎಣ್ಣೆಯಲ್ಲಿ ಕರಗುವ ಆ ವಾಸನೆ... ಮೂಗಿಗೆ ಬಡಿದದ್ದೇ ತಡ, ಚಿಕ್ಕೋಡಿಯ ಗಾಡಿ ರಿಪೇರಿಯ ಮಿಸ್ತ್ರಿ ಕಣ್ಣೆದುರು ಬಂದು ನಿಂತರು. ಅಷ್ಟರಲ್ಲಿ ಅಂಗಡಿಯವ ಕಿಟಕಿ ಬಡಿದು, “ಇಳೀರಿ ಸರ್, ಗಾಡಿ ಖಾಲಿ ಇರಬೇಕ್ರಿ” ಎಂದ. ಇಳಿದೆ. ಮೂವತ್ತೈದು ವರ್ಷಗಳ ಹಿಂದೆ ಇದೇ ಮಾತನ್ನು ನಾನು ಒಬ್ಬರಿಗೆ ಹೇಳಿದ್ದೆ. ಅದರ ಕಥೆ ಬರೆಯಬೇಕು ಅಂತ ಬಹಳ ಸಲ ಅಂದುಕೊಂಡು ಬಿಟ್ಟಿದ್ದೇನೆ.

ಮಿಸ್ತ್ರಿಯ ಶೆಡ್ಡು ಚಿಕ್ಕೋಡಿಯಿಂದ ಅಂಕಲಿ ಕಡೆ ಹೋಗುವ ರಸ್ತೆಯಲ್ಲಿ, ತಂಬಾಕು ತುಂಬಿಡುವ ವಖಾರವೊಂದರ, ಅಂದರೆ ಗೋದಾಮಿನ, ಪಕ್ಕದಲ್ಲಿತ್ತು. ಮೂರು ಕಡೆ ತಗಡು, ಹಿಂದುಗಡೆ ವಖಾರದ ಸುಣ್ಣ ಬಳಿದ ಗೋಡೆ. ಮಿಸ್ತ್ರಿ ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವರು. ಅಳತೆಗೆ ಅವರ ಹತ್ತಿರ ಇದ್ದದ್ದು ದಾರ, ಗುಂಡು ಕಟ್ಟಿದ ಇನ್ನೊಂದು ದಾರ, ಇದ್ದಿಲು, ಮತ್ತೆ ಅವರ ಬೆರಳು. ಇಂಚು ಎನ್ನುತ್ತಿರಲಿಲ್ಲ. ಎರಡು ಬೆರಳು, ನಾಲ್ಕು ಬೆರಳು, ಬೀಡಿ ದಪ್ಪ, ಹೀಗೆ.

ನಾನು ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲನೆಯವನು. ಅಜ್ಜ ಕುರಿ ಕಾಯ್ದವನು, ಅಪ್ಪ ಕುಸ್ತಿ ಹಿಡಿದವನು. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುವಾಗ ಇಂಗ್ಲಿಷ್ ಪುಸ್ತಕದ ಪುಟಪುಟಕ್ಕೂ ಡಿಕ್ಷನರಿ ತೆರೆದವನು ನಾನು. ಎರಡು ವಿಷಯಗಳಲ್ಲಿ ಬಿದ್ದೆ, ಎದ್ದೆ, ಪಾಸಾದೆ. ಚಿಕ್ಕೋಡಿಯ ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಕರಿ ಗೌನು ತೊಟ್ಟು ತೆಗೆಸಿದ ನನ್ನ ಫೋಟೋವನ್ನು ಅಪ್ಪ ಮನೆಯಲ್ಲಿ ಇಡಲಿಲ್ಲ. ಚಿಕ್ಕೋಡಿಯ ತಾಲೀಮಿಗೆ ಒಯ್ದು, ಹುಡುಗರು ಕುಸ್ತಿ ಕಲಿಯುವ ಮಣ್ಣಿನ ಅಖಾಡದ ಎದುರಿಗೆ, ಹನುಮಪ್ಪನ ಪಟದ ಬದಿಗೆ ಮೊಳೆ ಹೊಡೆಸಿ ತೂಗುಹಾಕಿಸಿದ.

ಅಪ್ಪ ಆ ತಾಲೀಮಿನ ವಸ್ತಾದ. ಪಟ್ಟು ಕಲಿಸುವ ಗುರುವಿಗೆ ನಮ್ಮ ಕಡೆ ವಸ್ತಾದ ಅನ್ನುತ್ತಾರೆ. ನಾನು ಕಡೆಯ ವರ್ಷ ಓದುವಾಗ ಕಬ್ಬಿನ ಟ್ರೇಲರ್ ಮಗುಚಿ ಅಪ್ಪನ ನಡದ ಮೇಲೆ ಬಿತ್ತು. ಜೀವ ಉಳಿಯಿತು, ಎರಡೂ ಕಾಲು ಹೋದವು. ಕೈಯಿಂದ ತಿರುಗಿಸುವ ಮೂರು ಗಾಲಿಯ ಕುರ್ಚಿ ಬಂತು. ತಾಲೀಮಿಗೆ ಮೊದಲಿನಿಂದಲೂ ಆಸರೆಯಾಗಿದ್ದ ಜೈನ ವ್ಯಾಪಾರಿಯೊಬ್ಬರು, ವಸ್ತಾದ ಮನೆಯಲ್ಲಿ ಕೂತು ಕೊಳೆಯಬಾರದೆಂದು ತಮ್ಮ ಹಳೆಯ ಫಿಯಾಟ್ ಕೊಟ್ಟರು. ಅಂಕಲಿಯ ನಮ್ಮ ಮನೆಯಿಂದ ಶನಿವಾರಕ್ಕೊಮ್ಮೆ ನಾನೇ ಕರೆದುಕೊಂಡು ಬರಬೇಕು.

ಆದರೆ ಕಾರಿನ ಸೀಟು ಕುರ್ಚಿಗಿಂತ ಎತ್ತರ. ಅಪ್ಪನ ಮೈಭಾರ ನೂರು ಕಿಲೋಕ್ಕೆ ಎರಡು ಕಡಿಮೆ. ತಾಲೀಮಿನ ಎದುರಿಗೆ ಶಿಷ್ಯರು ಕಂಕುಳಿಗೆ ಕೈ ಹಾಕಿ ಎತ್ತಿ ಇಳಿಸುತ್ತಿದ್ದರು. ಒಂದು ಶನಿವಾರ ಹೊಸದಾಗಿ ಸೇರಿದ ಒಬ್ಬ, ಚೀಲ ಎತ್ತುವ ಹಮಾಲರಂತೆ “ಏಕ್, ದೋನ್, ತೀನ್” ಎಂದುಬಿಟ್ಟ. ಪಾಪ, ಬೇಕಂತ ಅಂದದ್ದಲ್ಲ. ಅಪ್ಪ ಆವತ್ತು ಪಾಠ ಮುಗಿಸಿ ಮನೆಗೆ ಬಂದವನು ಮುಂದೆ ನಾಲ್ಕು ತಿಂಗಳು ಕಾರು ಹತ್ತಲಿಲ್ಲ. “ನೆಲಾ ಬಿಟ್ಟ ಪೈಲವಾನ ಅರ್ಧಾ ಸೋತಂಗ. ನನ್ನ ಶಿಷ್ಯರ ನನ್ನ ನೆಲಾ ಬಿಡಸಾಕತ್ತಾರು. ಇನ್ನ ಏನ್ ಕಲಸ್ಲಿ ಅವರಿಗೆ?” ಎಂದ. ಊಟ ಕಡಿಮೆಯಾಯಿತು, ಮಾತು ನಿಂತಿತು. ಮನುಷ್ಯ ನಮ್ಮೆದುರಿಗೇ ಒಣಗುತ್ತಿದ್ದ...

ಕಾರು ರಿಪೇರಿಗೆ ಹೋದಾಗ ಮಿಸ್ತ್ರಿಗೆ ಇದನ್ನು ಹೇಳಿದೆ. ಅವರು ಸೈಕಲ್ ಏರಿ ಅಂಕಲಿಗೇ ಬಂದರು. ಕುರ್ಚಿಗೆ ಒಂದು ಸಲ, ಕಾರಿನ ಸೀಟಿಗೆ ಒಂದು ಸಲ ದಾರ ಹಿಡಿದರು. “ನಾಕ ಬಟ್ಟ ಇಳಿಸಿದ್ರ ಎರಡೂ ಸಮ ಆಕ್ಕಾವ್ರಿ ವಸ್ತಾದರ. ನಡುವ ಒಂದ ಹಲಗಿ ಇಟಗೊಂಡು ನೀವ ಸರಕೊಂಡ ಹೋಗಬಹುದು. ಯಾರೂ ಮುಟ್ಟೂದ ಬ್ಯಾಡ.”

ಮುಂದಿನ ಸ್ಪ್ರಿಂಗುಗಳನ್ನು ಕತ್ತರಿಸಿ, ಹಿಂದಿನ ಪಾಟಾಗಳ, ಅಂದರೆ ಪಟ್ಟಿ ಸ್ಪ್ರಿಂಗುಗಳ, ಬಾಗು ತಗ್ಗಿಸಿ ಕಾರನ್ನು ನಾಲ್ಕು ಬೆರಳು ಕೆಳಗಿಳಿಸಿದರು. ಅಪ್ಪ ಹಲಗೆಯ ಮೇಲೆ ಕೈಯೂರಿ, ಕುರ್ಚಿಯಿಂದ ಸೀಟಿಗೆ ತಾನೇ ಸರಿದು ಕೂತು ಬಾಗಿಲು ಎಳೆದುಕೊಂಡದ್ದು ಈಗಲೂ ಕಣ್ಣಲ್ಲಿದೆ. “ನಡಿಲೇ ತಮ್ಮಾ, ತಾಲೀಮಿಗೆ” ಎಂದ. ಆವತ್ತು ಶನಿವಾರವೂ ಆಗಿರಲಿಲ್ಲ.

ಎರಡು ತಿಂಗಳಲ್ಲಿ ಬೇರೆ ಕಾಟ ಶುರುವಾಯಿತು. ಮುಂದಿನ ಟಯರುಗಳು ಒಳ ಅಂಚಿನಲ್ಲಷ್ಟೇ ಸವೆದವು. ಗುಂಡಿ ಬಂದರೆ ಕಾರು ಸ್ಟೇರಿಂಗ್ ಮಾತು ಕೇಳದೆ ತಾನೇ ಪಕ್ಕಕ್ಕೆ ಸರಿಯುತ್ತಿತ್ತು. ಕಾರಣ ನನಗೆ ಗೊತ್ತಿತ್ತು. ಗಾಡಿ ಕೆಳಗಿಳಿದರೆ ಚಕ್ರ ಹಿಡಿದ ತೋಳುಗಳು ಓರೆಯಾಗುತ್ತವೆ, ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಚಕ್ರ ತಿರುಗಿಸುವ ರಾಡೂ ಬೇರೆ ಓರೆಯಲ್ಲಿ ನಿಲ್ಲುತ್ತದೆ. ಗುಂಡಿಯಲ್ಲಿ ಚಕ್ರ ಬಿದ್ದೆದ್ದಾಗ ತೋಳು ಒಂದು ಕಡೆ, ರಾಡು ಒಂದು ಕಡೆ ಜಗ್ಗಿ ಚಕ್ರ ತಾನಾಗಿ ತಿರುಗುತ್ತದೆ. ಎಲ್ಲರೂ ಮೊದಲಿನಂತೆ ಎತ್ತರ ಮಾಡಿಸು ಎಂದರು. ಅಪ್ಪನಿಗೆ ಹೇಳಿದೆ. “ಮಾಡಸು. ಖರೆ ನಾ ಹತ್ತಂಗಿಲ್ಲ” ಎಂದ. ಅಷ್ಟೇ. ಹಾಗಾಗಿ ಗಾಡಿ ಇಳಿದೇ ಇರಬೇಕು, ಚಕ್ರ ಮಾತ್ರ ನೆಟ್ಟಗೆ ನಡೆಯಬೇಕು.

ನಾನು ಎರಡು ದಿನ ಕೂತು ದೊಡ್ಡ ಹಾಳೆಯಲ್ಲಿ ನಕ್ಷೆ ಬರೆದೆ. ಮೇಲಿನ ತೋಳಿನ ಹಿಂದೆ ಎಷ್ಟು ದಪ್ಪದ ಪಟ್ಟಿ ಕೊಡಬೇಕು, ರಾಡಿನ ತುದಿ ಎಷ್ಟು ಇಳಿಯಬೇಕು, ಎಲ್ಲ ಲೆಕ್ಕ. ಸುರುಳಿ ಸುತ್ತಿ ಶೆಡ್ಡಿಗೆ ಒಯ್ದಾಗ ಮಿಸ್ತ್ರಿ ವಖಾರದ ಕಡೆ ಕೂಗುತ್ತಿದ್ದರು: “ಏ ಹಮಾಲರ, ಇಬ್ಬರು ಬರ್ರೆಪಾ, ಗಾಡ್ಯಾಗ ಕುಂದರ್ರಿ!”

“ಎಲ್ಲಿಗ್ರಿ ಮಿಸ್ತ್ರಿ, ಕೊಲ್ಲಾಪುರಕ್ಕೇನು?”

“ಎಲ್ಲಿಗೂ ಇಲ್ಲ. ಸುಮ್ನ ಕುಂದರೂದು. ಅಳ್ಳಾಡಬ್ಯಾಡ್ರಿ.”

“ಹಂಗಾರ ಚಾ ಹೇಳ್ರಿ. ಪುಕ್ಕಟ ನಾವು ಅತ್ತಿ ಮನ್ಯಾಗೂ ಕುಂದ್ರಂಗಿಲ್ಲ.”

ನನಗೆ ಇದು ತಮಾಷೆ ಅನ್ನಿಸಿತು. “ಮಿಸ್ತ್ರಿ ಕಾಕಾ, ಖಾಲಿ ಗಾಡಿಗೆ ಅಳತಿ ತಗೀಬೇಕಂತ ಪುಸ್ತಕದಾಗ ಐತಿ. ಇವರನ್ನ ಇಳಸ್ರಿ” ಎಂದೆ.

“ಗಾಡಿ ಖಾಲಿ ಎಂದ ಹೋಗತೈತ್ರಿ ಸರ್ರ? ವಸ್ತಾದರು ಕುಂತ್ರ ಎಡಗಡಿ ಎರಡ ಬಟ್ಟ ಕುಸೀತೈತಿ. ಸ್ಪ್ರಿಂಗ ಬ್ಯಾರೆ ಕಡದೇವಿ.”

“ಪುಸ್ತಕಾ ಬರದಾವ್ರು ದಡ್ಡರೇನ್ರಿ?”

ಅದನ್ನು ನಾನು ಜೋರಾಗಿಯೇ ಅಂದೆ, ಹಮಾಲರಿಗೆ ಕೇಳುವಂತೆ. ಮಿಸ್ತ್ರಿ ನನ್ನನ್ನೂ ನನ್ನ ಹಾಳೆಯನ್ನೂ ನೋಡಿದರು. ಕೈಯಲ್ಲಿದ್ದ ದಾರ ಸುತ್ತಿ ಜೇಬಿಗಿಟ್ಟರು. “ಇಳೀರೆಪಾ, ಇಳೀರಿ. ಕಲತಾವ್ರು ಹೇಳಾಕತ್ತಾರು” ಎಂದರು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಅವರು ನಿಜವಾಗಿಯೂ ನಂಬಿದ್ದರು. ಪುಸ್ತಕದ ಅಳತೆ ಕತ್ತರಿಸದ ಸ್ಪ್ರಿಂಗಿನ ಗಾಡಿಗೆ ಬರೆದದ್ದು ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ನಕ್ಷೆಯಲ್ಲಿ ಇದ್ದದ್ದನ್ನು ಬೀಡಿ ದಪ್ಪದಷ್ಟೂ ಹೆಚ್ಚು ಕಡಿಮೆ ಮಾಡದೆ ಅವರು ಮಾಡಿಕೊಟ್ಟರು. ಖಾಲಿ ಕಾರು ಶೆಡ್ಡಿನಲ್ಲಿ ನಿಂತಾಗ ನಾಲ್ಕೂ ಚಕ್ರ ನೆಟ್ಟಗೆ, ಸಿಪಾಯಿಗಳು ನಿಂತಂತೆ ಕಾಣುತ್ತಿದ್ದವು.

ಮರುದಿನವೇ ಶನಿವಾರ. ಕಬ್ಬಿನ ಹಂಗಾಮು. ಅಂಕಲಿಯಿಂದ ಬರುವಾಗ ಒಂದು ಕಡೆ ರಸ್ತೆ ನೀರಾವರಿ ಕಾಲುವೆಯ ಗುಂಟ ಸಾಗುತ್ತಿತ್ತು, ಕಾಲುವೆ ನಮ್ಮ ಎಡಕ್ಕೆ. ಎದುರಿನಿಂದ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಬಂತು. ಕಬ್ಬು ಅಡ್ಡಡ್ಡ ಚಾಚಿಕೊಂಡು ರಸ್ತೆಯನ್ನೆಲ್ಲ ನುಂಗಿತ್ತು. ಎಡಕ್ಕೆ ಸರಿದೆ. ಡಾಂಬರು ಮುಗಿದಲ್ಲಿ ಒಂದು ಗುಂಡಿ. ಎಡಗಡೆಯ ಚಕ್ರ ಅದರಲ್ಲಿ ಬಿತ್ತು. ಅಪ್ಪನ ಭಾರವೆಲ್ಲ ಆ ಚಕ್ರದ ಮೇಲೆ. ಸ್ಟೇರಿಂಗ್ ನನ್ನ ಕೈಯಿಂದ ಕಿತ್ತುಕೊಂಡಿತು. ನಾನು ಬಲಕ್ಕೆ ತಿರುಗಿಸುತ್ತಿದ್ದೇನೆ, ಕಾರು ಕಾಲುವೆಗೆ ಹೊರಟಿದೆ. ಬ್ರೇಕು ತುಳಿದೆ. ಮಣ್ಣಿನಲ್ಲಿ ಜಾರಿತು. ಅಪ್ಪ ಎರಡೂ ಕೈಯಿಂದ ಡ್ಯಾಶ್‌ಬೋರ್ಡ್ ಅದುಮಿ ಹಿಡಿದಿದ್ದ. ಕಾರು ನಿಂತಾಗ ಎಡಗಡೆಯ ಮುಂದಿನ ಚಕ್ರದ ಕೆಳಗೆ ನೆಲ ಇರಲಿಲ್ಲ. ತುಂಬಿ ಹರಿಯುವ ನೀರು ಅಪ್ಪನ ಕಿಟಕಿಯಲ್ಲಿ ಕಾಣುತ್ತಿತ್ತು...

“ಅಪ್ಪಾ, ಅಳ್ಳಾಡಬ್ಯಾಡ.”

“ಅಳ್ಳಾಡಾಕ ಕಾಲ ಎಲ್ಲ್ಯಾವಲೇ?” ಎಂದ.

ಟ್ರ್ಯಾಕ್ಟರಿನವರು, ಕಬ್ಬು ಕಡಿಯುವವರು ಓಡಿ ಬಂದರು. ಕಾರಿನ ಹಿಂಬದಿಗೆ ಹತ್ತು ಮಂದಿ ಜೋತುಬಿದ್ದರು. ಕಾಲುವೆಯ ಕಡೆಯ ಬಾಗಿಲು ತೆಗೆಯುವಂತಿರಲಿಲ್ಲ. ನನ್ನ ಬಾಗಿಲಿನಿಂದಲೇ, ಸ್ಟೇರಿಂಗ್ ದಾಟಿಸಿ, ಅಪ್ಪನನ್ನು ಹೊರಗೆ ಎಳೆದು ಎತ್ತಬೇಕಾಯಿತು. ಒಬ್ಬ ತಲೆಯ ಕಡೆ, ಇಬ್ಬರು ನಡಕ್ಕೆ, ಒಬ್ಬ ಕಾಲು ಹಿಡಿದುಕೊಂಡು ರಸ್ತೆ ದಾಟಿಸಿ ಬದುವಿನ ಮೇಲೆ ಮಲಗಿಸಿದರು. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ಪೆಟ್ಟಾಯಿತೇನೋ ಎಂದು ಹೆದರಿದೆ. ಪೆಟ್ಟಾಗಿರಲಿಲ್ಲ.

ಸುದ್ದಿ ಕೇಳಿ ಮಿಸ್ತ್ರಿ ಸಿಕ್ಕ ಲಾರಿ ಹತ್ತಿ ಬಂದರು. ಮೊದಲು ಕೂತು ಚಕ್ರ ನೋಡಿದರು, ಆಮೇಲೆ ನನ್ನನ್ನು. ಅಪ್ಪ ಬದುವಿನ ಮೇಲಿಂದ ಕೇಳಿದ: “ಏನ್ ಮಾಡಿಟ್ಟಿ ಮಿಸ್ತ್ರಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಹೇಳಿಬಿಟ್ಟರು. “ಅಳತಿ ತಪ್ಪೇತ್ರಿ ವಸ್ತಾದರ. ನಂದ ತಪ್ಪು.”

“ಸತ್ತಿದ್ರ ಸಾಯ್ತಿದ್ನಿ. ಇಷ್ಟ ಮಂದಿ ಮುಂದ ನನ್ನ ಹೆಣಾ ಹೊತ್ತಂಗ ಹೊರಸಿದೆಲ್ಲೋ.”

ಮಿಸ್ತ್ರಿ ತಲೆ ತಗ್ಗಿಸಿ ನಿಂತರು. ಸುತ್ತಲಿನ ಮಂದಿ ಅವರನ್ನು ನೋಡುತ್ತಿದ್ದರು. ನನಗೆ ಒಂದು ನಿಮಿಷವಾದರೂ ಸಮಯ ಇತ್ತು. ಹಾಳೆ ನಂದು, ಮಂದಿಯನ್ನು ಇಳಿಸಿದವನು ನಾನು ಎನ್ನುವುದಕ್ಕೆ ಅಷ್ಟು ಸಾಕು. ನಾನು ಹೇಳಲಿಲ್ಲ.

“ಇನ್ನ ಇವನ ಕೈಯಾಗ ಗಾಡಿ ಕೊಡಬ್ಯಾಡ” ಎಂದು ಅಪ್ಪ ಕಟ್ಟಪ್ಪಣೆ ಮಾಡಿದ. ನಾನು ಅವನಿಗೆ ತಿಳಿಸದೆ ಗಾಡಿಯನ್ನು ಸೋಮವಾರವೇ ಮಿಸ್ತ್ರಿಯ ಶೆಡ್ಡಿಗೆ ಎಳೆಸಿಕೊಂಡು ಹೋದೆ. ಬೇರೆ ಯಾರ ಹತ್ತಿರ ಹೋಗಲಿ?

ಮಿಸ್ತ್ರಿ “ವಸ್ತಾದರ ತೂಕದಾವ್ರು ಬೇಕ್ರಿ” ಎಂದು ವಖಾರದ ತಕ್ಕಡಿಯ ಹತ್ತಿರ ಹೋಗಿ ಒಬ್ಬೊಬ್ಬರನ್ನೇ ಹತ್ತಿಸಿದರು. ಹಮಾಲರು ಯಾರೂ ಸಾಲಲಿಲ್ಲ. ಕೊನೆಗೆ ಎದುರಿನ ಹೋಟೆಲಿನ ಮಾಲಕರನ್ನು ಕೈ ಹಿಡಿದು ಎಳೆದು ತಂದರು.

“ನನ್ನೇನ್ ತಂಬಾಕ ಮಾಡಿದಿಯೋ ಮಿಸ್ತ್ರಿ? ಅಲ್ಲಿ ಭಜಿ ಕರಕಾಗಾಕತ್ತಾವು!”

“ಆಗ್ಲಿ ಬಿಡ್ರಿ ಮಾಲಕರ, ದಿನಾ ಅದನ್ನ ತಿನ್ನತೇವಿ.”

ತಕ್ಕಡಿಯವ ನಗುತ್ತ ತೊಂಬತ್ತಾರು ಎಂದ. ಅವರ ಮಡಿಲಲ್ಲಿ ಎರಡು ಕಿಲೋ ಕಲ್ಲಿಟ್ಟು ಅಪ್ಪನ ಜಾಗದಲ್ಲಿ ಕೂಡಿಸಿದರು. ನಾನು ಬದಿಗೆ ನಿಂತಿದ್ದೆ. “ಗಾಡಿ ಹೊಡ್ಯಾವ್ರು ನೀವಲ್ರಿ? ನಿಮ್ಮ ಜಾಗಾದಾಗ ನೀವು ಕುಂದರ್ರಿ” ಎಂದರು. ಡಿಗ್ರಿ ಪಡೆದವನು ಒಂದು ತೂಕದ ಕಲ್ಲಾಗಿ ಕೂತೆ. ಹಿಂದೆ, ಅಪ್ಪನ ಕುರ್ಚಿ ಮಡಚಿ ಇಡುವ ಕಡೆ ಕುರ್ಚಿಯನ್ನೇ ಇಟ್ಟರು. ಆಮೇಲೆ ಚಕ್ರದ ನಡುವಿನಿಂದ ಮಡ್ಗಾರ್ಡಿನ ಅಂಚಿನವರೆಗೆ ಕೋಲು ಹಿಡಿದು ಇದ್ದಿಲಿನಿಂದ ಗೀರು ಎಳೆದುಕೊಂಡರು. ಎಡಕ್ಕೂ ಬಲಕ್ಕೂ ಎರಡು ಬೆರಳು ಫರಕು.

ಎಲ್ಲರನ್ನೂ ಇಳಿಸಿ ಎಡಗಡೆಯ ಸ್ಪ್ರಿಂಗ್ ತೆಗೆದರು. ಚಕ್ರ ಕಳಚಿ, ಅದನ್ನು ಹಿಡಿದಿಡುವ ಗುಂಬಕ್ಕೆ ಉದ್ದನೆಯ ಬಿದಿರ ಕೋಲು ಬಿಗಿದು, ಕೋಲಿನ ತುದಿಗೆ ಇದ್ದಿಲು ಕಟ್ಟಿದರು. ತುದಿ ವಖಾರದ ಬಿಳಿ ಗೋಡೆಗೆ ತಾಗುತ್ತಿತ್ತು. ಕೆಳಗೆ ಜಾಕು ಕೊಟ್ಟು, ಗೀರಿನ ಮಟ್ಟಕ್ಕೆ ತಂದು, ಅಲ್ಲಿಂದ ನಿಧಾನಕ್ಕೆ ಮೇಲೆ ಕೆಳಗೆ ಮಾಡಿದರು, ಗುಂಡಿಯಲ್ಲಿ ಚಕ್ರ ಏರಿಳಿದಂತೆ. ಗೋಡೆಯ ಮೇಲೆ ಒಂದು ಗೆರೆ ಮೂಡಿತು. ಅದು ನೆಟ್ಟಗಿರಬೇಕಿತ್ತು. ಕುಡುಗೋಲಿನಂತೆ ಬಾಗಿತ್ತು. ನನ್ನ ನಕ್ಷೆಯ ತಪ್ಪು ಗೋಡೆಯ ಮೇಲೆ ಕರಿಬಣ್ಣದಲ್ಲಿ ಇತ್ತು. ಮಿಸ್ತ್ರಿ ಅದನ್ನು ಒರೆಸಲಿಲ್ಲ.

ರಾಡಿನ ತುದಿಗೆ ಲೇಥಿನಲ್ಲಿ ಕಟೆದ ತುಂಡು ಸೇರಿಸಿ ಇಳಿಸಿದರು. ಗೆರೆ ಎಳೆದರು, ಬಾಗು ಕಡಿಮೆಯಾಯಿತು. ತುಂಡು ಬದಲಿಸಿದರು, ಇನ್ನೊಂದು ಗೆರೆ. ಮೂರು ದಿನ ಹೀಗೇ. ಗೋಡೆಯ ಮೇಲೆ ಸಾಲಾಗಿ ಗೆರೆಗಳು, ಒಂದಕ್ಕಿಂತ ಒಂದು ನೆಟ್ಟಗೆ. ಬಲಗಡೆಗೂ ಅದೇ ಕೆಲಸ. ಕೊನೆಗೆ ಸ್ಪ್ರಿಂಗ್ ಕೂಡಿಸಿ, ಮಾಲಕರನ್ನೂ ನನ್ನನ್ನೂ ಮತ್ತೆ ಹತ್ತಿಸಿ, ಗುಂಡಿನ ದಾರ ಇಳಿಬಿಟ್ಟು ಮೇಲಿನ ತೋಳಿಗೆ ಪಟ್ಟಿ ಕೊಟ್ಟರು.

“ನಡೀರಿ, ಕಾಲುವಿ ಕಡೆ” ಎಂದರು. ಎಡಗಡೆ ಕೂತವರು ಅವರೇ. ಅಪ್ಪನ ಭಾರಕ್ಕೆ ಕಡಿಮೆ ಬಿದ್ದಷ್ಟು ತಂಬಾಕಿನ ಚೀಲವನ್ನು ಕಾಲ ಬಳಿ ಇಟ್ಟುಕೊಂಡರು. ಅದೇ ಗುಂಡಿ. ಅಂಚಿನಲ್ಲಿ ನಮ್ಮ ಚಕ್ರ ಜಾರಿದ ಗುರುತು ಇನ್ನೂ ಇತ್ತು.

“ಗುಂಡ್ಯಾಗ ಹಾಕ್ರಿ. ಕೈ ಬಿಡ್ರಿ.”

“ಕಾಕಾ, ನೀವು ನೀರಿನ ಕಡೆ ಕುಂತೀರಿ.”

“ಅದಕ್ಕ ಕುಂತೇನಿ. ಬಿಡ್ರಿ ಕೈ.”

ಬಿಟ್ಟೆ. ಧಡ್ ಎಂದು ಚಕ್ರ ಬಿತ್ತು, ಎದ್ದಿತು. ಕಾರು ನೆಟ್ಟಗೆ ಹೋಯಿತು, ದನ ಮನೆಯ ದಾರಿ ಹಿಡಿದಂತೆ. “ಹಾಂ... ಈಗ ವಸ್ತಾದರನ್ನ ಕೂಡಸ್ರಿ” ಎಂದರು.

ಹಿಂದಿರುಗುವಾಗ ಕೇಳಿಯೇಬಿಟ್ಟೆ. “ತಪ್ಪು ನಂದಲ್ರಿ? ನಿಮ್ಮ ತಲಿ ಮ್ಯಾಲ ಯಾಕ ಹಾಕ್ಕೊಂಡ್ರಿ?”

ಅವರು ರಸ್ತೆ ನೋಡುತ್ತಿದ್ದರು. “ನಿಮ್ಮಪ್ಪಗ ಕಾಲಿಲ್ಲರಿ ಸರ್ರ. ನಿಮ್ಮ ಡಿಗ್ರಿ ಮ್ಯಾಲ ನಿಂತಾರು. ಅದನ್ನ ಹೆಂಗ ಕೆಡವಲಿ ನಾ? ನನಗೇನ, ಇನ್ನೊಂದ ಗಾಡಿ ಬರ್ತೈತಿ.” ಶೆಡ್ಡು ಹತ್ತಿರವಾದಾಗ, “ಗಾಡಿ ನೀವ ಸುಧಾರಿಸಿದ್ರಿ ಅಂತ ಹೇಳ್ರಿ ಮನ್ಯಾಗ” ಎಂದರು.

ಹಾಗೆಯೇ ಹೇಳಿದೆ. ಅಪ್ಪ ಮತ್ತೆ ಪ್ರತಿ ಶನಿವಾರ ಹಲಗೆಯ ಮೇಲೆ ತಾನೇ ಸರಿದು ಕಾರಿಗೆ ಹತ್ತಿದ, ಎಂಟು ವರ್ಷ. ತಾಲೀಮಿನಲ್ಲಿ ಬಂದವರಿಗೆಲ್ಲ ನನ್ನ ಫೋಟೋ ತೋರಿಸಿ, “ಮಿಸ್ತ್ರಿ ಕೆಡಿಸಿದ ಗಾಡಿ ನನ್ನ ಮಗ ನೆಟ್ಟಗ ಮಾಡ್ಯಾನ” ಎನ್ನುತ್ತಿದ್ದ. ನಾನು ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ. ಶೆಡ್ಡಿನ ಮುಂದೆ ಹಾಯುವಾಗ ಅಪ್ಪ ಮುಖ ತಿರುಗಿಸುತ್ತಿದ್ದ. ವಸ್ತಾದನನ್ನು ಕಾಲುವೆಗೆ ಹಾಕಲು ಹೋದ ಮಿಸ್ತ್ರಿ ಎಂದು ಊರಲ್ಲಿ ಮಾತಾಯಿತು. ಇನ್ನೊಂದು ಗಾಡಿ ಬರುತ್ತದೆ ಎಂದಿದ್ದರಲ್ಲ, ಬರುವುದು ಕಡಿಮೆಯಾಯಿತು. ಆಮೇಲಾಮೇಲೆ ಅವರು ಟ್ರ್ಯಾಕ್ಟರ್ ಟ್ರೇಲರುಗಳ ಪಂಕ್ಚರ್ ತೆಗೆಯುವುದನ್ನು ನೋಡಿದ್ದೇನೆ. ನಾನು ಕೈ ಎತ್ತಿದರೆ ಅವರೂ ಎತ್ತುತ್ತಿದ್ದರು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ನಾನು ಪರೀಕ್ಷೆಯ ಕೆಲಸಕ್ಕೆ ಬೆಳಗಾವಿಯಲ್ಲಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ. ಹದಿನೈದು ದಿನದ ಮೇಲೆ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. “ಹೋದನೇನು? ನನ್ನ ಕೊಲ್ಲಾಕ ಹೊಂಟಿದ್ದ ಮಗಾ” ಎಂದ. ತುತ್ತು ನನ್ನ ಬಾಯಲ್ಲೇ ಇತ್ತು. ಆವತ್ತು ಎಲ್ಲ ಹೇಳಿದೆ, ಹಮಾಲರನ್ನು ಇಳಿಸಿದ್ದರಿಂದ ಹಿಡಿದು. ಅಪ್ಪ ಪೂರ್ತಿ ಕೇಳಿಸಿಕೊಂಡ. ತಾಟಿನಲ್ಲೇ ಕೈ ತೊಳೆದ. “ಗಾಡಿ ತಗಿ” ಎಂದ.

ಮಿಸ್ತ್ರಿಯ ಮನೆ ಓಣಿಯ ಒಳಗೆ, ಬಾಗಿಲಿಗೆ ಮೂರು ಎತ್ತರದ ಮೆಟ್ಟಿಲು. ಕುರ್ಚಿ ಹೋಗುವಂತಿರಲಿಲ್ಲ. ಅವರ ಹೆಂಡತಿಯನ್ನು ಹೊರಗೆ ಕರೆಯುತ್ತೇನೆ ಎಂದೆ. “ದುಃಖದಾಗ ಇದ್ದಾಕಿನ್ನ ಬೀದಿಗೆ ಕರೀತಿ ಏನಲೇ?” ಎಂದ ಅಪ್ಪ. ಓಣಿಯ ಕಟ್ಟೆಯ ಮೇಲೆ ಕೂತಿದ್ದವರ ಕಡೆ ತಿರುಗಿದ. ದನಿ ಗಟ್ಟಿಯಾಗಿಯೇ ಇತ್ತು. “ಏ ತಮ್ಮಗೋಳಿರಾ, ಬರ್ರೆಪಾ. ನನ್ನ ಎತ್ರಿ.”

ನಾಲ್ವರು ಎತ್ತಿದರು. ಐದನೆಯವನು ನಾನು. ಹಗಲು ಹೊತ್ತು, ಓಣಿ ತುಂಬ ಮಂದಿ. ಅಪ್ಪ ಕಣ್ಣು ಮುಚ್ಚಲಿಲ್ಲ. ಒಳಗೆ ಕೂಡಿಸಿದ ಮೇಲೆ ಆ ತಾಯಿಗೆ ಕೈ ಮುಗಿದು, “ನಿಮ್ಮ ಯಜಮಾನ್ರು ಮಾಡಿದ ಗಾಡ್ಯಾಗ ಬಂದೇನ್ರಿ” ಎಂದ. ಆಕೆ ನೀರು ತಂದಿಟ್ಟು, “ಶನಿವಾರಕ್ಕೊಮ್ಮೆ ಶೆಡ್ಡಿನ ಬಾಗಲದಾಗ ನಿಂತು ನಿಮ್ಮ ಗಾಡಿ ಚಕ್ರಾ ನೋಡ್ತಿದ್ರು ಯಪ್ಪಾ. ಸರಿ ನಡದೈತಿ ಅಂತ ಬಂದು ಹೇಳ್ತಿದ್ರು” ಎಂದರು.

ಈಗ ಅಪ್ಪನೂ ಇಲ್ಲ. ಶೆಡ್ಡಿನ ಜಾಗದಲ್ಲಿ ಗಾಜಿನ ಬಾಗಿಲಿನ ಅಂಗಡಿಗಳು, ವಖಾರದ ಗೋಡೆಯೂ ಬಿದ್ದುಹೋಯಿತು. ನಾನು ನಿವೃತ್ತನಾಗಿದ್ದೇನೆ. ಇಷ್ಟು ವರ್ಷ ಸಾವಿರಾರು ಮಂದಿಗೆ ಚಕ್ರ, ತೋಳು, ರಾಡುಗಳ ಪಾಠ ಹೇಳಿದೆ. ನನಗೆ ಆ ಪಾಠ ಕಲಿಸಿದವರು ಯಾರೆಂದು ಮಿಸ್ತ್ರಿ ಬದುಕಿದ್ದಾಗ ಒಂದು ತರಗತಿಯಲ್ಲೂ ಹೇಳಲಿಲ್ಲ. ಹೇಳಿದ್ದರೆ ಸುದ್ದಿ ಶೆಡ್ಡಿಗೆ ಮುಟ್ಟುತ್ತಿತ್ತು. ಕಾಲೇಜಿನಿಂದ ಅಲ್ಲಿಗೆ ಹತ್ತು ನಿಮಿಷದ ದಾರಿ.